ಸಿಂಧಘಟ್ಟದ ಕರಡಿಯ ಎರಡು ಹಲ್ಲು

ದೇವಲಾಪುರ
24-9-1993

ತಮ್ಮ ಚಲುವರಾಜುವಿಗೆ ಅಕ್ಕ ಅಣ್ಣಮ್ಮನ ಆಶೀರ್ವಾದ.

ಗೌರಿ ಹಬ್ಬಕ್ಕೆ ಸಿಂಧಘಟ್ಟಕ್ಕೆ ಹೋಗಿ ಬಂದೆ. ಬಾಗಿನ ಕೊಡಲು ಅಪ್ಪ ಇಲ್ಲ, ಭೋಪಾಲಿನ ಸಂಸ್ಥೆಯಲ್ಲಿ ಕಲ್ಲಾದ ಮೂಳೆ ನೋಡುತ್ತ ಕೂತ ನೀನೂ ಇಲ್ಲ. ಚಿಕ್ಕಪ್ಪನ ಮನೆಯವರು ಕೊಟ್ಟರು. ಅದಿರಲಿ, ಈ ಸಲ ತವರಿನಿಂದ ನಾನು ತಂದದ್ದು ಸೀರೆಯಲ್ಲ, ಒಂದು ದವಡೆ!

ನಮ್ಮ ಹೊಲದ ಪಕ್ಕ ನಾಲೆ ತೋಡುತ್ತಿದ್ದಾರೆ. ಎರಡಾಳುದ್ದ ಕೆಳಗೆ ಸುಣ್ಣಕಲ್ಲಿನ ಗಟ್ಟಿ ಪದರ ಬಂದಿದೆ. ಅಲ್ಲಿ ಗುದ್ದಲಿ ಹಿಡಿದಿದ್ದ ಮರಿಯಯ್ಯ ನನ್ನನ್ನು ಕಂಡವನೇ ಕೂಗಿದ. "ಬಾರವ್ವ ಇಲ್ಲಿ, ನೀನು ಮೇಷ್ಟ್ರಮ್ಮ ಅಲ್ವಾ, ಇದೇನು ಅಂತ ಏಳು. ದನದ ತಲೆ ಅಂತ ಎಸ್ಯಕ್ ಓಗಿದ್ದೆ. ದನಕ್ಕೆ ಕೋರೆಹಲ್ಲು ಇರ್ತದಾ?" ಕೈಗೆ ತಗೊಂಡರೆ ಕಲ್ಲಿನ ಭಾರ. ಮೇಲ್ದವಡೆ. ಎರಡು ಕೋರೆ, ಹಿಂದೆ ಚಪ್ಪಟೆಯಾದ ದವಡೆಹಲ್ಲು. ಚಿರತೆಯದ್ದಾದರೆ ಮಾಂಸ ಕತ್ತರಿಸುವ ಅಲಗಿನಂಥ ಹಲ್ಲಿರಬೇಕಿತ್ತು, ಇದು ಅರೆಯುವ ಹಲ್ಲು. ನನ್ನ ಮಟ್ಟಿಗೆ ಇದು ಕರಡಿ, ಮತ್ತೆ ಬಹಳ ಹಳೆಯ ಕರಡಿ. ಮುಂದಿನ ಬಾಚಿಹಲ್ಲುಗಳ ಜಾಗ ಸುಣ್ಣಮಣ್ಣು ಕಚ್ಚಿ ಮುಚ್ಚಿಹೋಗಿದೆ. ಹಿತ್ತಲಿನ ಬಾನಿಯಲ್ಲಿ ನೆನೆಹಾಕಿದ್ದೇನೆ. ಮುಟ್ಟಬೇಡಿ ಅಂತ ಅತ್ತೆಗೆ ಹೇಳಿದ್ದೇನೆ.

ಹದಿನಾರು ವರ್ಷದಿಂದ ಕಪ್ಪೆ, ಜಿರಳೆ ಪಾಠ ಮಾಡಿಕೊಂಡು ಬಂದವಳು, ರಾತ್ರಿ ದೀಪ ಹಿಡಿದು ಮೂರು ಸಲ ಬಾನಿ ನೋಡಿ ಬಂದೆ ಕಣೋ. ಬೇಗ ಬರೆ.

ಅಣ್ಣಮ್ಮ


ಭೋಪಾಲ್
9-10-1993

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಯಾರಿಗೂ ತೋರಿಸಬೇಡ. ಉಳಿ, ಸುತ್ತಿಗೆ ಮುಟ್ಟಿಸಬೇಡ, ಮಣ್ಣು ನೀರಲ್ಲೇ ಬಿಟ್ಟುಕೊಳ್ಳಲಿ.

ನಮ್ಮ ಕಡೆಯ ಕರಡಿಯ ಕಥೆ ನಿನಗೆ ಗೊತ್ತಿರಬೇಕು. ಬೇರೆ ಕರಡಿಗಳಿಗೆಲ್ಲ ಮೇಲ್ದವಡೆಯ ಮುಂದೆ ಆರು ಬಾಚಿಹಲ್ಲು. ನಮ್ಮದಕ್ಕೆ ನಾಲ್ಕೇ. ನಡುವಿನ ಎರಡಿಲ್ಲ. ಆ ಸಂದಿಯಿಂದಲೇ ಅದು ಹುತ್ತದ ಗೆದ್ದಲನ್ನು ಸೊರ್ ಅಂತ ಹೀರುವುದು. ಇನ್ನೂರು ವರ್ಷದ ಹಿಂದೆ ಲಂಡನ್ನಿನ ಪಂಡಿತನೊಬ್ಬ ಈ ಹಲ್ಲಿಲ್ಲದ ಬಾಯಿ, ಉದ್ದ ಉಗುರು ನೋಡಿ ಇದು ಕರಡಿಯೇ ಅಲ್ಲ, ಅಮೆರಿಕದ ಮರಗಳಲ್ಲಿ ನೇತಾಡುವ ಸೋಮಾರಿ ಪ್ರಾಣಿಯ ಬಳಗ ಅಂತ ಹೆಸರಿಟ್ಟುಬಿಟ್ಟಿದ್ದ! ವರ್ಗೀಕರಣದಲ್ಲಿ ಕಣ್ಣು ಮೋಸ ಮಾಡುತ್ತದೆ ಅಕ್ಕ. ಕತ್ತೆಕಿರುಬ ನೋಡಲು ನಾಯಿ, ಆದರೆ ಬೆಕ್ಕಿನ ಕಡೆಯ ನೆಂಟ. ಸಮುದ್ರದ ಸೀಲ್ ನೋಡಲು ಮೀನು, ಆದರೆ ಕರಡಿ, ನಾಯಿಗಳ ಕಡೆಯದು. ಕರಡಿನಾಯಿ ಅಂತ ಒಂದು ಗುಂಪೇ ಇತ್ತು. ಅತ್ತ ಕರಡಿಯೂ ಅಲ್ಲ, ಇತ್ತ ನಾಯಿಯೂ ಅಲ್ಲ. ಹೇಳಹೆಸರಿಲ್ಲದೆ ಅಳಿದುಹೋಯಿತು.

ಆದರೆ ಆ ಎರಡು ಹಲ್ಲನ್ನು ನಮ್ಮ ಕರಡಿ ಯಾವಾಗ ಕಳೆದುಕೊಂಡಿತು? ಯಾರಿಗೂ ಗೊತ್ತಿಲ್ಲ. ಲಕ್ಷಾಂತರ ವರ್ಷ ಹಳೆಯ ದವಡೆಯಲ್ಲೇ ಆ ಹಲ್ಲಿಲ್ಲದಿದ್ದರೆ ಅದೇ ಮೂಲಪುರುಷ! ಹೊಸ ಪ್ರಭೇದ! ಆಗ ನಾನೇ ಹೆಸರಿಡುತ್ತೇನೆ ನೋಡು, ಮೆಲರ್ಸಸ್ ಅಣ್ಣಮ್ಮೇ. ಮೆಲರ್ಸಸ್ ನಮ್ಮ ಕರಡಿಯ ಕುಲದ ಹೆಸರು, ಹೆಂಗಸಿನ ಹೆಸರಿಟ್ಟರೆ ಲ್ಯಾಟಿನ್ನಿನಲ್ಲಿ ಹಾಗೆ ಬಾಲ ಬರುತ್ತದೆ. ತಮಾಷೆಯಲ್ಲ, ಮಾತು ಕೊಟ್ಟಿದ್ದೇನೆ.

ಮಗ ನಾಗಾರ್ಜುನನಿಗೆ ಈಗ ಒಂದೂವರೆ ವರ್ಷ. ಬರೀ ಹಿಂದಿ ಮಾತಾಡುತ್ತಾನೆ.

ಚಲುವರಾಜು


ದೇವಲಾಪುರ
2-11-1993

ಚಲುವ,

ಇಲ್ಲ ಕಣೋ! ಎರಡು ಹಲ್ಲಿಲ್ಲ!

ಹೊಸ ಪಠ್ಯದ ತರಬೇತಿ ಅಂತ ಹತ್ತು ದಿನ ಮೈಸೂರಿಗೆ ಹಾಕಿದ್ದರು. ಬಂದು ನೋಡಿದರೆ ಮಣ್ಣೆಲ್ಲ ಬಿಟ್ಟು ದವಡೆ ಥಳಥಳ ಅಂತ ಕೂತಿದೆ. ಅತ್ತೆ ಬಾನಿಯಿಂದ ತೆಗೆದು ಹುಣಸೆಹಣ್ಣು ಹಾಕಿ ತಿಕ್ಕಿಟ್ಟಿದ್ದಾರೆ, ಹಿತ್ತಾಳೆ ಚೊಂಬಿನಂತೆ. ಆದರೆ ಒಂದು ಚೂರೂ ಒಡೆದಿಲ್ಲ. ಆ ಕಡೆ ಎರಡು, ಈ ಕಡೆ ಎರಡು ಬಾಚಿಹಲ್ಲು. ನಡುವೆ ಹಲ್ಲಿನ ಗೂಡೂ ಇಲ್ಲ, ಗಟ್ಟಿ ಮೂಳೆ. ಶಾಲೆಯ ಭೂತಗನ್ನಡಿ ಹಿಡಿದು ನೋಡಿದೆ. ನೀನು ಹೇಳಿದ ಹಾಗೇ ಇದೆ.

ಪಾಂಡವಪುರದಲ್ಲಿ ಗಣೇಶನ ಅಚ್ಚು ಹುಯ್ಯುವ ಚಿಕ್ಕಸ್ವಾಮಿ ಇದ್ದಾನೆ. ಅವನ ಕೈಲಿ ಪ್ಲಾಸ್ಟರಿನ ಪಡಿಯಚ್ಚು ಮಾಡಿಸಿ ಪಾರ್ಸಲ್ ಕಳಿಸಿದ್ದೇನೆ. ಆಸಾಮಿ ಅಭ್ಯಾಸಬಲದಿಂದ ಗೀರುಗಳನ್ನೆಲ್ಲ ಉಜ್ಜಿ ನುಣುಪು ಮಾಡಿದ್ದಾನೆ, ಬಣ್ಣ ಹೊಡೆಯಲು ಹೊರಟಿದ್ದ, ತಡೆದೆ. ಅಳತೆಗಳು ಜೊತೆಯಲ್ಲಿವೆ. ಅಸಲನ್ನು ಅಂಚೆಗೆ ಹಾಕಲು ಮನಸ್ಸು ಬರಲಿಲ್ಲ. ಬಂದು ಕಣ್ಣಾರೆ ನೋಡಿ ತಗೊಂಡು ಹೋಗು.

ಸ್ನೇಹ ಚೆನ್ನಾಗಿದ್ದಾಳೆ. ನಿದ್ದೆಯಲ್ಲಿ ಬೆಚ್ಚುತ್ತಿದ್ದಳಲ್ಲ, ಅತ್ತೆ ಹೊಸ ತಾಯತ ಕಟ್ಟಿದ್ದಾರೆ. ವಿಜ್ಞಾನ ಟೀಚರ ಮಗಳ ಕತ್ತಲ್ಲಿ ತಾಯತ, ನಗಬೇಡ. ಬೆಚ್ಚುವುದೇನೋ ನಿಂತಿದೆ.

ಆ ಹೆಸರನ್ನು ಇನ್ನೊಂದು ಸಲ ಬರೆದು ಕಳಿಸು. ನನ್ನ ಯಜಮಾನರು, ಬೋರಯ್ಯನವರು, ನಂಬುತ್ತಿಲ್ಲ.

ಅಕ್ಕ


ಭೋಪಾಲ್
12-1-1994

ಅಕ್ಕನಿಗೆ,

ಪಡಿಯಚ್ಚು ತಲುಪಿತು. ನಮ್ಮ ನಿರ್ದೇಶಕರು ನೋಡಿ ಕುರ್ಚಿಯಿಂದ ಎದ್ದರು. ಮಾರ್ಚಿನಲ್ಲಿ ಕಾಯಂ ಹುದ್ದೆಗೆ ಸಂದರ್ಶನ. ಆರು ವರ್ಷದಿಂದ ಹಂಗಾಮಿಯಾಗಿ ಸವೆದಿದ್ದೇನೆ. ಈ ಪ್ರಬಂಧವೇ ನನ್ನನ್ನು ದಡ ಹತ್ತಿಸಬೇಕು. ಯುಗಾದಿಗೆ ಸಂಸಾರ ಸಮೇತ ಬರುತ್ತೇನೆ, ಅಸಲು ದವಡೆಯನ್ನು ಆಗ ತಗೊಂಡು ಹೋಗುತ್ತೇನೆ. ಭದ್ರವಾಗಿಡು.

ಚಲುವರಾಜು


ದೇವಲಾಪುರ
20-4-1994

ಚಲುವ,

ಯುಗಾದಿ ಆಯಿತು. ಒಬ್ಬಟ್ಟು ಮಾಡಿ ಕಾದೆವು. ಅತ್ತೆ ನಿನ್ನ ಮಗನಿಗೆ ಅಂತ ಏನೋ ಬಟ್ಟೆಯಲ್ಲಿ ಕಟ್ಟಿಟ್ಟುಕೊಂಡು ನಾಗಮಂಗಲದ ಬಸ್ಸು ಬಂದಾಗಲೆಲ್ಲ ಹೊರಗೆ ಬಂದು ನೋಡಿದರು. ಬರಲಾಗದಿದ್ದರೆ ಎರಡು ಸಾಲು ಬರೆಯಬಹುದಿತ್ತು.

ಸಂದರ್ಶನ ಏನಾಯಿತು? ದವಡೆ ಅಟ್ಟದ ಮೇಲೆ ರಾಗಿ ಮೊರದಲ್ಲಿದೆ. ಅದನ್ನು ನೋಡದೆ ಹೇಗೆ ಬರೆಯುತ್ತೀಯೋ ನನಗೆ ತಿಳಿಯದು.

ಅಕ್ಕ


ಭೋಪಾಲ್
3-10-1994

ಅಕ್ಕನಿಗೆ,

ಕೆಲಸ ಕಾಯಂ ಆಯಿತು. ಬರೆಯಲು ಪುರುಸೊತ್ತೇ ಆಗಲಿಲ್ಲ. ಪ್ರಬಂಧ ಅಚ್ಚಿಗೆ ಹೋಗಿದೆ. ಹೆಸರಿನ ವಿಷಯ ಮುಖತಃ ಮಾತಾಡೋಣ.

ಚಲುವರಾಜು


ದೇವಲಾಪುರ
19-6-1995

ಡಾ. ಚಲುವರಾಜು ಅವರಿಗೆ,

ಮುಖತಃ ಮಾತಾಡುವುದು ಬೇಕಾಗಲಿಲ್ಲ. ಹೋದ ಶನಿವಾರ ರಜೆ ಹಾಕಿ ಮೈಸೂರಿಗೆ ಹೋಗಿ, ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೂತು ನಿಮ್ಮ ಪ್ರಬಂಧ ಓದಿದೆ. ಜೆರಾಕ್ಸ್ ಮಾಡಿಸಿಕೊಂಡು ಬಂದಿದ್ದೇನೆ. ಇಂಗ್ಲಿಷು ಚೆನ್ನಾಗಿದೆ.

ಕರಡಿಗೆ ನಿಮ್ಮ ನಿರ್ದೇಶಕರ ಹೆಸರು. ಲೇಖಕರಲ್ಲಿ ಮೊದಲು ಅವರು, ಆಮೇಲೆ ನೀವು. "ಕಾಲುವೆ ಕೆಲಸದ ಸ್ಥಳೀಯ ಕೂಲಿಯವರಿಂದ ದೊರೆತದ್ದು." ಮರಿಯಯ್ಯನಿಗೂ ಹೆಸರಿಲ್ಲ, ನನಗೂ ಇಲ್ಲ. ನಾನು ಅಳೆದ ಅಳತೆಗಳು ಹಾಗೇ ಇವೆ, ಒಂದು ಮಿಲಿಮೀಟರು ಆಚೀಚೆ ಇಲ್ಲ. ಇನ್ನೊಂದು ಸಾಲಿನ ಕೆಳಗೆ ಗೆರೆ ಎಳೆದಿದ್ದೇನೆ. "ಮೂಲ ಮಾದರಿಯನ್ನು ಲೇಖಕರು ಸ್ವತಃ ಪರೀಕ್ಷಿಸಿದ್ದು, ಅದು ಸಂಸ್ಥೆಯ ಸಂಗ್ರಹದಲ್ಲಿದೆ." ಯಾವ ಸಂಸ್ಥೆ ಸ್ವಾಮೀ? ನಮ್ಮ ಅಟ್ಟವೇ?

ಲೇ ಚಲುವ, ಎಪ್ಪತ್ತೇಳರಲ್ಲಿ ಗಂಗೋತ್ರಿಯಿಂದ ಎಂ.ಎಸ್ಸಿ. ಸೀಟಿನ ಕಾಗದ ಬಂದಾಗ ಅಪ್ಪ ಜಗಲಿಯಲ್ಲಿ ಕೂತು ಏನಂದರು, ಜ್ಞಾಪಕ ಇದೆಯಾ? "ಇಬ್ರನ್ನೂ ಓದ್ಸಕ್ಕೆ ನನ್ ಕೈಲಾಗಕ್ಕಿಲ್ಲ. ಗಂಡುಡ್ಗ ಓದ್ಲಿ ಬುಡವ್ವ." ಆ ಕಾಗದವನ್ನು ಮಡಚಿ ಒಲೆಗೆ ಹಾಕಿದವಳು ನಾನೇ. ಹದಿನೆಂಟು ವರ್ಷ ಆ ವಿಷಯ ಎತ್ತಿಲ್ಲ. ಒಂದು ಸತ್ತ ಕರಡಿಯ ಬಾಲಕ್ಕೆ ನನ್ನ ಹೆಸರು ಅಂಟಿಸುತ್ತೀನಿ ಅಂದಾಗ ಮಗುವಿನಂತೆ ಕುಣಿದೆನಲ್ಲ, ನನಗೆ ನನ್ನ ಮೇಲೇ ಅಸಹ್ಯ. ಕತ್ತೆಕಿರುಬ ನೋಡಲು ನಾಯಿ, ಆದರೆ ನಾಯಿಯ ನೆಂಟನಲ್ಲ ಅಂತ ನೀನೇ ಬರೆದಿದ್ದೆ. ಆಗ ನನಗೆ ಪಾಠ ಅರ್ಥವಾಗಿರಲಿಲ್ಲ.

ಅಣ್ಣಮ್ಮ, ಸಹಶಿಕ್ಷಕಿ


ಭೋಪಾಲ್
10-7-1995

ಅಕ್ಕನಿಗೆ,

ನಿನಗೆ ಕೋಪ ಬಂದಿರುವುದು ಸಹಜ. ಆದರೆ ಇಲ್ಲಿನ ನಡವಳಿಕೆ ನಿನಗೆ ತಿಳಿಯದು. ನಿರ್ದೇಶಕರ ಹೆಸರಿಡದೆ ನನ್ನ ಫೈಲು ಮುಂದೆ ಹೋಗುತ್ತಿರಲಿಲ್ಲ. ಅಲ್ಲದೆ ಯೋಚಿಸಿ ನೋಡು, ಮೂಳೆ ಸಿಕ್ಕಿದ್ದು ಕೂಲಿಯವನಿಗೆ. ನೀನು ನೆನೆಹಾಕಿದೆ, ಅಳೆದೆ. ಯಾವ ಪ್ರಯೋಗಾಲಯದ ಸಹಾಯಕನಾದರೂ ಅಷ್ಟು ಮಾಡುತ್ತಾನೆ. ಆ ಹಲ್ಲಿಲ್ಲದ್ದರ ಮಹತ್ವ ಗುರುತಿಸುವುದೇ ಸಂಶೋಧನೆ, ಅದನ್ನು ಮಾಡಿದವನು ನಾನು. ಹಳೆಯ ಮನೆಮಾತುಗಳನ್ನು ಇದಕ್ಕೆ ಸೇರಿಸಬೇಡ.

ಚಲುವರಾಜು


ಭೋಪಾಲ್
19-2-1996

ಅಕ್ಕನಿಗೆ ನಮಸ್ಕಾರ.

ಏಳು ತಿಂಗಳಾಯಿತು, ನಿನ್ನಿಂದ ಕಾಗದವಿಲ್ಲ. ದೀಪಾವಳಿಗೆ ಸೀರೆ ಕಳಿಸಿದ್ದೆ, ತಲುಪಿತೋ ಇಲ್ಲವೋ.

ಒಂದು ತುರ್ತು. ಜರ್ಮನಿಯಿಂದ ಪ್ರೊಫೆಸರೊಬ್ಬರು ಏಪ್ರಿಲ್ ಹದಿನೈದಕ್ಕೆ ಬರುತ್ತಿದ್ದಾರೆ. ಹಳೆಯ ಕರಡಿಗಳ ವಿಷಯದಲ್ಲಿ ಜೀವ ಸವೆಸಿದ ಮನುಷ್ಯ. ನಮ್ಮ ತೀರ್ಮಾನ ಅವರಿಗೆ ಅನುಮಾನ. ದವಡೆಹಲ್ಲುಗಳ ಆಕಾರ ನೋಡಿದರೆ ಮುಂದೆ ಆರು ಬಾಚಿಹಲ್ಲು ಇರಲೇಬೇಕು ಅನ್ನುತ್ತಾರೆ. ಅಸಲು ನೋಡಬೇಕಂತೆ. ನಿರ್ದೇಶಕರು ನನ್ನನ್ನು ಕರೆದು "ಸಂಗ್ರಹದಿಂದ ತೆಗೆದಿಡಿ" ಅಂದರು. ಅದು ಇಲ್ಲಿಲ್ಲ ಅಂತ ಅವರಿಗೇ ಗೊತ್ತಿಲ್ಲ ಅಕ್ಕ. ನಾನು ತಂದಿದ್ದೇನೆ ಅಂತ ಹೇಳಿದ್ದೆ.

ದಯವಿಟ್ಟು ಹತ್ತಿಯಲ್ಲಿ ಸುತ್ತಿ ವಿಮೆ ಮಾಡಿಸಿ ಇವತ್ತೇ ಕಳಿಸು.

ಚಲುವ


ದೇವಲಾಪುರ
7-3-1996

ಚಲುವ,

ನಿನ್ನ ಜರ್ಮನಿಯವರು ಬುದ್ಧಿವಂತರು. ಆರೂ ಹಲ್ಲಿದ್ದವು.

ಹೋದ ವರ್ಷ ಜುಲೈ ಹದಿನಾರು, ಭಾನುವಾರ. ಸ್ನೇಹಳಿಗೆ ಎಣ್ಣೆನೀರು ಹಾಕುತ್ತಿದ್ದೆ. ತಾಯತದ ದಾರ ಕಿತ್ತು ಬಚ್ಚಲಲ್ಲಿ ಬಿತ್ತು. ಎತ್ತಿಕೊಂಡರೆ ಬೆಸುಗೆ ಬಿಟ್ಟಿತ್ತು. ಒಳಗೆ ಒಂದು ಹಲ್ಲು. ಉದ್ದ ಬೇರಿನ ಬಾಚಿಹಲ್ಲು, ಕಲ್ಲಾದದ್ದು, ದವಡೆಯ ಅದೇ ಜೇನಿನ ಬಣ್ಣ. ಒದ್ದೆ ಕೈಯಲ್ಲೇ ಅಟ್ಟ ಹತ್ತಿ ದವಡೆ ಇಳಿಸಿದೆ. ನಡುವಿನ ಆ "ಗಟ್ಟಿ ಮೂಳೆ"ಯನ್ನು ಸೂಜಿಯಿಂದ ಕೆದಕಿದೆ. ಪುಡಿಪುಡಿಯಾಗಿ ಉದುರಿತು. ಗಾರೆ.

ಅತ್ತೆಯನ್ನು ಕೇಳಿದರೆ ಮುಚ್ಚುಮರೆಯೇ ಇಲ್ಲ. "ಊಂ ಕಣವ್ವ, ನಾನೇ ತಗದೆ. ನೆಂದಿತ್ತಲ್ಲ, ಅಲ್ಲಾಡುಸ್ದೇಟ್ಗೆ ಬಂದ್ಬುಡ್ತು. ಮಗ ಬೆಚ್ತಿತ್ತು, ಕರಡಿ ಅಲ್ಲು ಕಟ್ಟುದ್ರೆ ಬೆಚ್ಚಕ್ಕಿಲ್ಲ." ಮತ್ತೆ ಆ ಗಾರೆ ಯಾಕೆ ಹಚ್ಚಿದಿರಿ ಅಂದೆ. ನಾನೇ ದಡ್ಡಿ ಅನ್ನುವ ಹಾಗೆ ನೋಡಿದರು. "ಔಸ್ತಿಗೆ ಬೇರು ಕಿತ್ರೆ ಗುಂಡಿ ಮುಚ್ಚದೆ ಬತ್ತಾರಾ? ಇದೂ ಅಂಗೇಯ. ತಗಂಡ್ ಮ್ಯಾಕೆ ಬಾಯಿ ತಕ್ಕಂಡ್ ಬುಡಬಾರ್ದು, ಮನೆ ಮಕ್ಕಳ್ಗೆ ಆಗಕ್ಕಿಲ್ಲ." ಹುತ್ತದ ಮಣ್ಣು, ಸುಣ್ಣ, ಬೆಲ್ಲದ ನೀರು ಕಲಸಿ, ಅದರ ಮೇಲೆ ಬಾನಿಯ ತಳದಲ್ಲಿದ್ದ ಅದೇ ಮಣ್ಣನ್ನು ಸವರಿ ಒಣಗಿಸಿದ್ದಾರೆ. ನಮ್ಮ ಮನೆಯ ಗೋಡೆ ಮೆತ್ತಿದ ಕೈ ಅದು. ಬಿರುಕು ಬಿಡಲಿಲ್ಲ.

ಅತ್ತೆಯದೇನೂ ತಪ್ಪಿಲ್ಲ, ಅವರು ಅವರ ವಿದ್ಯೆ ಮಾಡಿದರು. ತಪ್ಪು ನನ್ನದು. ಭೂತಗನ್ನಡಿ ಹಿಡಿದವಳಿಗೆ ಒಂದು ಸೂಜಿ ಹಿಡಿಯಲು ಏನಾಗಿತ್ತು? ಹಲ್ಲಿರಬಾರದು ಅಂತ ಆಸೆಯಿತ್ತು ಕಣೋ. ನೀನು ಬರೆದ ಆ ಹೆಸರು ಕಣ್ಣಿಗೆ ಕಟ್ಟಿತ್ತು.

ಅವತ್ತು ಸಂಜೆಯೇ ನಿನಗೆ ಎಲ್ಲ ಬರೆದೆ, ಹೇಗಾದರೂ ತಿದ್ದಿಕೋ, ಇನ್ನೂ ಹೊತ್ತು ಮೀರಿಲ್ಲ ಅಂತ. ಸ್ಟಾಂಪೂ ಹಚ್ಚಿದ್ದೆ. ಬೆಳಿಗ್ಗೆ ಶಾಲೆಗೆ ಹೋದರೆ ನಿನ್ನ ಕಾಗದ ಬಂದು ಕೂತಿತ್ತು. "ಯಾವ ಸಹಾಯಕನಾದರೂ ಅಷ್ಟು ಮಾಡುತ್ತಾನೆ. ಹಲ್ಲಿಲ್ಲದ್ದರ ಮಹತ್ವ ಗುರುತಿಸಿದವನು ನಾನು" ಅಂತ. ಸ್ಟಾಫ್ ರೂಮಿನಲ್ಲಿ ನಿಂತು ಎರಡು ಸಲ ಓದಿ, ನನ್ನ ಕಾಗದವನ್ನು ಬ್ಯಾಗಿನೊಳಕ್ಕೇ ಹಾಕಿಕೊಂಡೆ. ಸಂಶೋಧನೆ ಮಾಡಿದವನೇ ಸಂಶೋಧಿಸಿಕೊಳ್ಳಲಿ ಅಂತ ಬಿಟ್ಟೆ. ಏಳು ತಿಂಗಳು ನೆಮ್ಮದಿಯಾಗಿದ್ದೆ ಅಂದುಕೊಳ್ಳಬೇಡ. ಪೆನ್ನು ಹಿಡಿದು ಎಷ್ಟೋ ಸಲ ಕೂತೆ. ಆದರೂ ಬರೆಯಲಿಲ್ಲ.

ನೀನು ಕಳಿಸಿದ ಸೀರೆ ಬಂತು. ಉಟ್ಟಿಲ್ಲ.

ಅಕ್ಕ


ಭೋಪಾಲ್
18-3-1996

ಅಕ್ಕ,

ಕೈ ಮುಗೀತೀನಿ. ನಿಮ್ಮತ್ತೆ ಹೇಗೆ ಮುಚ್ಚಿದ್ದರೋ ಹಾಗೇ ಇನ್ನೊಂದು ಸಲ ಮುಚ್ಚಿಸು. ಅವರ ಕೈಯಲ್ಲೇ ಮಾಡಿಸು. ಹಲ್ಲುಗಳನ್ನು ಹೊಳೆಗೆ ಹಾಕಿಬಿಡು. ಪ್ರೊಫೆಸರು ಒಂದು ಗಂಟೆ ನೋಡಿ ಹೋಗುತ್ತಾರೆ, ಅಷ್ಟೇ. ನನಗೆ ಮೂವತ್ತೇಳು ವರ್ಷ ಅಕ್ಕ, ಮನೆ ಕೊಟ್ಟಿದ್ದಾರೆ, ನಾಗಾರ್ಜುನನನ್ನು ಸ್ಕೂಲಿಗೆ ಸೇರಿಸಿದ್ದೇನೆ. ಇದು ಹೊರಬಂದರೆ ನಿರ್ದೇಶಕರು ನನ್ನನ್ನು ಒಂದು ದಿನ ಇಟ್ಟುಕೊಳ್ಳುವುದಿಲ್ಲ.

ನಿನಗೆ ಇಷ್ಟವಿಲ್ಲದಿದ್ದರೆ ಇನ್ನೊಂದು ದಾರಿಯೂ ಇದೆ, ಆದರೆ ನನಗೆ ಅದು ಬೇಡ. ಹಲ್ಲಿಲ್ಲ ಅಂತ ಮೊದಲು ಬರೆದವಳು ನೀನು. 2-11-1993ರ ಆ ಕಾಗದ ನನ್ನ ಹತ್ತಿರ ಇದೆ. ತಿದ್ದುಪಡಿ ಅಚ್ಚು ಹಾಕುವ ಹಾಗಾದರೆ, "ನಾಗಮಂಗಲ ತಾಲ್ಲೂಕಿನ ಶಾಲಾ ಶಿಕ್ಷಕಿ ಶ್ರೀಮತಿ ಅಣ್ಣಮ್ಮನವರು ಒದಗಿಸಿದ ತಪ್ಪು ಮಾಹಿತಿಯಿಂದ" ಎಂದು ನಿನ್ನ ಹೆಸರು ಹಾಕಬೇಕಾಗುತ್ತದೆ. ಇಲಾಖೆಯವರು ನಿನ್ನನ್ನೂ ಕೇಳಬಹುದು. ಯೋಚಿಸು.

ಚಲುವ


ದೇವಲಾಪುರ
2-4-1996

ಚಲುವ,

ಆಹಾ! ಅಂತೂ ನನ್ನ ಹೆಸರು ಅಚ್ಚಾಗಲು ಒಂದು ದಾರಿ ಹುಡುಕಿದೆಯಲ್ಲ. ಮೂರು ವರ್ಷದಲ್ಲಿ ನೀನು ನನ್ನ ಹೆಸರನ್ನು ಇಷ್ಟು ಚೆನ್ನಾಗಿ, ಊರು, ತಾಲ್ಲೂಕು, ಶ್ರೀಮತಿ ಎಲ್ಲ ಸೇರಿಸಿ ಬರೆದದ್ದು ಇದೇ ಮೊದಲು.

ಹಾಕು. ನಾನು ಬೇಡ ಅನ್ನುವುದಿಲ್ಲ, ತಪ್ಪು ನನ್ನದೇ. ಆದರೆ ಹೇಗೆ ಹಾಕುತ್ತೀಯೋ ನನಗೆ ತೋಚುತ್ತಿಲ್ಲ. ನಿಮ್ಮ ಪ್ರಬಂಧದಲ್ಲಿ ಶಾಲಾ ಶಿಕ್ಷಕಿಯೇ ಇಲ್ಲ, ಇರುವುದು ಕೂಲಿಯವರು. ಮಾಹಿತಿ ಕೊಟ್ಟವರೂ ಯಾರೂ ಇಲ್ಲ, ಲೇಖಕರು ಸ್ವತಃ ಪರೀಕ್ಷಿಸಿದ್ದಾರೆ. ನನ್ನನ್ನು ಅಷ್ಟು ಪೂರ್ತಿಯಾಗಿ ಅಳಿಸಿದ್ದೀಯಲ್ಲ ಚಲುವ, ಈಗ ಬೈಯುವುದಕ್ಕೂ ನಾನು ಅಲ್ಲಿ ಸಿಗುವುದಿಲ್ಲ. ತಪ್ಪು ಮಾಡಿದವಳು ನಾನು, ಅದಕ್ಕೆ ಹೆಸರು ಹಾಕಿಕೊಂಡವನು ನೀನು.

ದವಡೆಯನ್ನು ಅಂಚೆಗೆ ಹಾಕುವುದಿಲ್ಲ. ದಾರಿಯಲ್ಲಿ ಕಳೆದುಹೋಯಿತು ಅಂತ ನೀನು ಹೇಳಿಬಿಡಬಹುದು. ಹತ್ತನೇ ತಾರೀಕು ಶಾಲೆ ಮುಗಿಯುತ್ತದೆ. ಹನ್ನೆರಡಕ್ಕೆ ಬೆಂಗಳೂರಿನಿಂದ ರೈಲು, ಟಿಕೆಟ್ ಆಗಿದೆ. ನಾನೇ ತರುತ್ತೇನೆ, ತೊಡೆಯ ಮೇಲಿಟ್ಟುಕೊಂಡು. ಮೈಸೂರು, ಬೆಂಗಳೂರು ಬಿಟ್ಟು ಆಚೆ ಹೋದವಳಲ್ಲ ನಾನು. ನಮ್ಮ ಮನೆಯವರು ಯಾರೂ ಜೊತೆಗಿಲ್ಲ, ಬೋರಯ್ಯನವರಿಗೂ ಬೇಡ ಅಂದೆ. ಜರ್ಮನಿಯವರ ಮುಂದೆ ಮೇಜಿನ ಮೇಲಿಟ್ಟು, ನನಗೆ ಬರುವ ಇಂಗ್ಲಿಷಿನಲ್ಲಿ ಎಲ್ಲ ಹೇಳುತ್ತೇನೆ. ದವಡೆಗೆ ಒಂದು ಚೀಟಿ ಕಟ್ಟಿದ್ದೇನೆ:

ಕರಡಿ, ಮೇಲ್ದವಡೆ. ಬಾಚಿಹಲ್ಲು ಆರು.
ಸಿಂಧಘಟ್ಟ, ನಾಲೆಯ ಸುಣ್ಣಕಲ್ಲಿನ ಪದರ.
ಸಿಕ್ಕಿದ್ದು ಮರಿಯಯ್ಯನಿಗೆ. ನಡುವಿನ ಎರಡು ಹಲ್ಲು ತೆಗೆದವರು ಅತ್ತೆ ಬೆಟ್ಟಮ್ಮ.
ಅವು ಇರಲೇ ಇಲ್ಲವೆಂದು ತಪ್ಪಾಗಿ ಬರೆದವಳು ಅಣ್ಣಮ್ಮ.

ನಿನ್ನ ಹೆಸರು ಹಾಕಿಲ್ಲ. ನೀನು ಅದನ್ನು ನೋಡಿಯೇ ಇಲ್ಲವಲ್ಲ.

ಸ್ನೇಹಳ ತಾಯತದ ಹಲ್ಲನ್ನು ಬಲಗಡೆಯ ಗೂಡಿಗೆ ಕೂರಿಸಿದೆ. ಅಳತೆ ಮಾಡಿಸಿದ ಹಾಗೆ ಕೂತಿತು. ಎಡಗಡೆಯದು ಎಲ್ಲಿ ಅಂತ ಅತ್ತೆಯನ್ನು ಕೇಳಿದ್ದಕ್ಕೆ ಪೆಟ್ಟಿಗೆಯಿಂದ ಬಟ್ಟೆಯ ಗಂಟು ತಂದರು. "ನಿನ್ ತಮ್ಮನ್ ಮಗೀಗೂ ಒಂದಿರ್ಲಿ ಅಂತ ಆವತ್ತೇ ಎತ್ತಿಟ್ಟಿವ್ನಿ ಕಣವ್ವ. ಯುಗಾದಿಗೆ ಬತ್ತೀನಿ ಅಂದಿದ್ನಲ್ಲ, ಬರ್ನೇ ಇಲ್ಲ." ಬೆಳ್ಳಿ ತಾಯತ, ಕಪ್ಪು ದಾರ, ಎಲ್ಲ ಸಿದ್ಧ ಮಾಡಿಟ್ಟಿದ್ದಾರೆ. ನಾಗಾರ್ಜುನನ ಕತ್ತಿಗೆ ನೀನೇ ಕಟ್ಟಬೇಕಂತೆ, ಬೇರೆ ಯಾರೂ ಒಡೆದು ನೋಡಬಾರದಂತೆ. ಅತ್ತೆಗೆ ಮಾತು ಕೊಟ್ಟಿದ್ದೇನೆ. ಹಾಗಾಗಿ ಆ ಗೂಡು ಖಾಲಿ ಇರುತ್ತದೆ. ಹದಿನಾಲ್ಕಕ್ಕೆ ಬಂದ ಕೂಡಲೇ ತಾಯತವನ್ನು ನಿನ್ನ ಕೈಗೆ ಕೊಡುತ್ತೇನೆ. ಮಾರನೆಯ ದಿನ ಮಗುವಿನ ಕತ್ತಲ್ಲಿ ಇರುತ್ತದೋ, ಮೇಜಿನ ಮೇಲೆ ಇರುತ್ತದೋ, ಅದು ನಿನಗೆ ಬಿಟ್ಟದ್ದು.

ಸ್ಟೇಷನ್ನಿಗೆ ಬಾ. ನನಗೆ ಹಿಂದಿ ಬರುವುದಿಲ್ಲ.

ಅಣ್ಣಮ್ಮ